ಪಿರಮಿಡ್‌ನ ತುದಿಯಲ್ಲಿರುವವರು ರಾಜರೇ? ಒಂದು ಪುಟ್ಟ ಕೆರೆಯ ಲೆಕ್ಕ ಬರೆದ ಲಿಂಡೆಮನ್ ಕಥೆ

ಜೂನ್ 5ರ ಪರಿಸರ ದಿನ ಹತ್ತಿರ ಬಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಚಿತ್ರ ಸುತ್ತತೊಡಗುತ್ತದೆ. ಎಡಗಡೆ ಒಂದು ತ್ರಿಕೋನ. ಅದರ ನೆತ್ತಿಯಲ್ಲಿ ಮನುಷ್ಯ, ಕೆಳಗೆ ಪ್ರಾಣಿ, ಪಕ್ಷಿ, ಮೀನು, ಗಿಡಮರ. ಬಲಗಡೆ ಒಂದು ವೃತ್ತ. ಅದರಲ್ಲಿ ಎಲ್ಲ ಜೀವಿಗಳೂ ಅಕ್ಕಪಕ್ಕ. ತ್ರಿಕೋನ ಎಂದರೆ ಅಹಂಕಾರ, ವೃತ್ತ ಎಂದರೆ ಪರಿಸರ ಎಂಬುದು ಅದರ ಸಂದೇಶ.

ಆಶಯ ಒಳ್ಳೆಯದೇ. ಆದರೆ ಅದನ್ನು ನೋಡಿದ ಅನೇಕರು, ಶಾಲೆಯ ಜೀವಶಾಸ್ತ್ರ ಪುಸ್ತಕದಲ್ಲಿರುವ ಪಿರಮಿಡ್ ಕೂಡ ಮೇಲು ಕೀಳಿನ ಪಟ್ಟಿ ಎಂದೇ ತಿಳಿಯುತ್ತಾರೆ. ತುದಿಯಲ್ಲಿರುವ ಹುಲಿ ರಾಜ, ಬುಡದಲ್ಲಿರುವ ಹುಲ್ಲು ಆಳು ಎಂಬ ಅರ್ಥ ಮಾಡಿಕೊಳ್ಳುತ್ತಾರೆ. ಇದು ನಿಜವೇ? ಹಾಗೆಯೇ, ಪರೀಕ್ಷೆಗೆಂದು ಎಲ್ಲರೂ ಬಾಯಿಪಾಠ ಮಾಡಿದ ಶೇಕಡಾ 10ರ ನಿಯಮ ಎಷ್ಟು ಸರಿ?

ಈ ಎರಡೂ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಒಬ್ಬ ವ್ಯಕ್ತಿಯ ಬದುಕನ್ನು ನೋಡಬೇಕು. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಅವರ ಹೆಸರು ಗೊತ್ತು: ರೇಮಂಡ್ ಲಿಂಡೆಮನ್. ಆದರೆ ಅವರು ಎಷ್ಟು ಕಡಿಮೆ ವರ್ಷ ಬದುಕಿದರು, ಅವರ ಮುಖ್ಯ ಲೇಖನ ಕಸದಬುಟ್ಟಿ ಸೇರುವುದರಿಂದ ಹೇಗೆ ತಪ್ಪಿಸಿಕೊಂಡಿತು ಎಂಬುದು ಪಠ್ಯಪುಸ್ತಕದಲ್ಲಿ ಇರುವುದಿಲ್ಲ. ಬನ್ನಿ, ಅದನ್ನು ನೋಡೋಣ.

ಪಿರಮಿಡ್ ಮೊದಲು ಬಂದದ್ದು ಎಲ್ಲಿಂದ?

ಪಿರಮಿಡ್ ಕಲ್ಪನೆ ಲಿಂಡೆಮನ್ ಅವರದಲ್ಲ. ಅದು ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ ಅವರದು. 1921ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ ಎಲ್ಟನ್ ಉತ್ತರ ಧ್ರುವದ ಬಳಿಯ ಸ್ಪಿಟ್ಸ್‌ಬರ್ಗನ್ ದ್ವೀಪಗಳಿಗೆ ಹೋಗಿಬಂದರು. ಅಲ್ಲಿ ಜೀವಿಗಳ ವೈವಿಧ್ಯ ಕಡಿಮೆ. ಹಾಗಾಗಿ ಯಾರು ಯಾರನ್ನು ತಿನ್ನುತ್ತಾರೆ ಎಂದು ಬರೆದಿಡುವುದು ದಟ್ಟ ಕಾಡಿಗಿಂತ ಸುಲಭ.

1927ರಲ್ಲಿ ಅವರು ಪ್ರಾಣಿಗಳ ಪರಿಸರ ಶಾಸ್ತ್ರದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಅದರಲ್ಲಿ ಅವರು ಗಮನಿಸಿದ ವಿಷಯ ಸರಳವಾಗಿದೆ. ಆಹಾರ ಸರಪಳಿಯ ಬುಡದಲ್ಲಿರುವ ಪ್ರಾಣಿಗಳು ಚಿಕ್ಕವು, ಬೇಗ ಮರಿ ಹಾಕುತ್ತವೆ, ಸಂಖ್ಯೆಯಲ್ಲಿ ವಿಪರೀತ. ಮೇಲೆ ಹೋದಂತೆ ಪ್ರಾಣಿಗಳ ಗಾತ್ರ ದೊಡ್ಡದು, ಸಂಖ್ಯೆ ಕಡಿಮೆ. ಇದನ್ನೇ ಅವರು ಸಂಖ್ಯೆಗಳ ಪಿರಮಿಡ್ ಎಂದು ಕರೆದರು.

ಆದರೆ ಒಂದು ಪ್ರಶ್ನೆ ಉಳಿದುಕೊಂಡಿತ್ತು. ಮೇಲೆ ಹೋದಂತೆ ಸಂಖ್ಯೆ ಏಕೆ ಕಡಿಮೆಯಾಗಬೇಕು? ದೊಡ್ಡ ಪ್ರಾಣಿ ನಿಧಾನವಾಗಿ ಮರಿ ಹಾಕುತ್ತದೆ ಎಂಬುದು ಉತ್ತರದ ಒಂದು ಭಾಗ ಮಾತ್ರ. ಚಿಕ್ಕದಕ್ಕೂ ದೊಡ್ಡದಕ್ಕೂ, ಗಿಡಕ್ಕೂ ಪ್ರಾಣಿಗೂ ಒಂದೇ ಅಳತೆಗೋಲು ಹಿಡಿದು ನೋಡುವವರು ಬೇಕಾಗಿತ್ತು.

ರೈತನ ಮಗ, ಒಂದು ಮೀಟರ್ ಆಳದ ಕೆರೆ

ರೇಮಂಡ್ ಲಿಂಡೆಮನ್ ಹುಟ್ಟಿದ್ದು 1915ರ ಜುಲೈ 24ರಂದು, ಅಮೆರಿಕದ ಮಿನೆಸೋಟ ರಾಜ್ಯದ ರೆಡ್‌ವುಡ್ ಫಾಲ್ಸ್ ಬಳಿ. ಮನೆಯವರದು ಬೇಸಾಯ. ಸಣ್ಣವರಿದ್ದಾಗಿನ ಒಂದು ಅವಘಡದಿಂದ ಅವರ ಒಂದು ಕಣ್ಣಿನ ದೃಷ್ಟಿ ಮಂದವಾಗಿತ್ತು. ಮಿಸೌರಿ ರಾಜ್ಯದ ಪಾರ್ಕ್ ಕಾಲೇಜಿನಲ್ಲಿ ಪದವಿ ಮುಗಿಸಿ, 1936ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆ ಸೇರಿದರು. ಆಗ ಅವರಿಗೆ 21 ವರ್ಷ.

ಅವರು ಆರಿಸಿಕೊಂಡದ್ದು ಮಿನಿಯಾಪೊಲಿಸ್ ನಗರದ ಉತ್ತರಕ್ಕಿರುವ ಸೀಡರ್ ಬಾಗ್ ಎಂಬ ಕೆರೆ. ಹೆಸರಿಗೆ ಸರೋವರ, ಆದರೆ ಆಳ ಸುಮಾರು ಒಂದು ಮೀಟರ್ ಮಾತ್ರ. ಸುತ್ತಲೂ ಜೌಗು ನೆಲ. ತಳದಲ್ಲಿ ಹೂಳು ತುಂಬುತ್ತಾ ಬಂದಿದ್ದ, ಮುಂದೊಂದು ದಿನ ಪೂರ್ತಿ ಜೌಗಾಗಲಿದ್ದ ಮುದಿ ಕೆರೆ ಅದು. ದೊಡ್ಡ ಮೀನುಗಾರಿಕೆ ಇಲ್ಲ, ನೋಡಲು ಬರುವ ಪ್ರವಾಸಿಗರಿಲ್ಲ. ಆದರೆ ಚಿಕ್ಕದಾಗಿದ್ದರಿಂದಲೇ ಅದರ ಎಲ್ಲ ಜೀವಿಗಳನ್ನೂ ಒಬ್ಬ ವಿದ್ಯಾರ್ಥಿ ಎಣಿಸಲು ಸಾಧ್ಯವಿತ್ತು.

ಐದು ವರ್ಷ ಆ ಕೆರೆಯೇ ಅವರ ಪ್ರಯೋಗಶಾಲೆಯಾಯಿತು. 1938ರಲ್ಲಿ ಅವರು ಎಲಿನರ್ ಹಾಲ್ ಅವರನ್ನು ಮದುವೆಯಾದರು. ಎಲಿನರ್ ಕೂಡ ಕೆರೆಯ ಕೆಲಸದಲ್ಲಿ ಜೊತೆಯಾದರು. ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ, ಕೆರೆಯ ಗಿಡಗಳು, ಪಾಚಿ ತಿನ್ನುವ ಸಣ್ಣ ಜೀವಿಗಳು, ಅವನ್ನು ತಿನ್ನುವ ಹುಳುಗಳು, ಕೆಸರಿನಲ್ಲಿರುವ ಲಾರ್ವಾಗಳು, ಮೀನು, ಹೀಗೆ ಪ್ರತಿಯೊಂದರ ಮಾದರಿ ತೆಗೆದು, ಎಣಿಸಿ, ತೂಗುವುದು ಕೆಲಸ. ಚಳಿಗಾಲದಲ್ಲಿ ಕೆರೆಯ ಮೇಲೆ ಹಿಮಗಟ್ಟಿ ಕೆಳಗಿನ ನೀರಿನಲ್ಲಿ ಆಮ್ಲಜನಕ ಖಾಲಿಯಾಗುತ್ತದೆ. ಆಗ ಕೆಸರಿನ ಯಾವ ಹುಳುಗಳು ಬದುಕಿ ಉಳಿಯುತ್ತವೆ ಎಂಬುದನ್ನೂ ಅವರು ಪರೀಕ್ಷಿಸಿದರು.

ಎಣಿಕೆ ಬಿಟ್ಟು ಶಕ್ತಿಯ ಲೆಕ್ಕ

ಒಂದು ಆಲದ ಮರವನ್ನೂ ಒಂದು ಇರುವೆಯನ್ನೂ ತಲಾ ಒಂದು ಎಂದು ಎಣಿಸಿದರೆ ಹೋಲಿಕೆಗೆ ಅರ್ಥವಿಲ್ಲ. ತೂಕ ಹಿಡಿದರೆ ಪರವಾಗಿಲ್ಲ, ಆದರೆ ಅಲ್ಲೂ ತೊಡಕಿದೆ. ಇಂದು ಕಂಡ ಪಾಚಿ ನಾಳೆ ಯಾರದೋ ಹೊಟ್ಟೆಯಲ್ಲಿರುತ್ತದೆ, ಅದರ ಜಾಗಕ್ಕೆ ಹೊಸ ಪಾಚಿ ಬಂದಿರುತ್ತದೆ. ಒಂದು ದಿನದ ತೂಕ ಇಡೀ ವರ್ಷದ ಕಥೆ ಹೇಳುವುದಿಲ್ಲ.

ಲಿಂಡೆಮನ್ ಮಾಡಿದ್ದು ಇಷ್ಟು. ಎಲ್ಲವನ್ನೂ ಕ್ಯಾಲೊರಿಗೆ ತಿರುಗಿಸಿದರು. ಬಿಸ್ಕತ್ತು ಪೊಟ್ಟಣದ ಹಿಂದೆ ಬರೆದಿರುತ್ತದಲ್ಲ, ಅದೇ ಶಕ್ತಿಯ ಅಳತೆ. ಒಂದು ವರ್ಷದಲ್ಲಿ ಕೆರೆಯ ಮೇಲೆ ಬೀಳುವ ಬಿಸಿಲಿನ ಶಕ್ತಿ ಎಷ್ಟು? ಅದರಲ್ಲಿ ಗಿಡ ಮತ್ತು ಪಾಚಿ ಹಿಡಿದಿಟ್ಟದ್ದು ಎಷ್ಟು? ಅವನ್ನು ತಿಂದವರಿಗೆ ಸಿಕ್ಕಿದ್ದೆಷ್ಟು? ತಿಂದವರನ್ನು ತಿಂದವರಿಗೆ ಎಷ್ಟು? ಪ್ರತಿ ಮೆಟ್ಟಿಲಲ್ಲೂ ಉಸಿರಾಟಕ್ಕೆ, ಕೊಳೆಯುವಿಕೆಗೆ ಖರ್ಚಾದದ್ದನ್ನೂ ಲೆಕ್ಕಕ್ಕೆ ಸೇರಿಸಿದರು. ಈ ಮೆಟ್ಟಿಲುಗಳನ್ನೇ ನಾವು ಇಂದು ಪೋಷಣಾ ಸ್ತರಗಳು ಎನ್ನುತ್ತೇವೆ.

ಫಲಿತಾಂಶ ನೋಡಿ. ಸೀಡರ್ ಬಾಗ್ ಕೆರೆಯ ಹಸಿರು ಜೀವಿಗಳು ಬಿಸಿಲಿನ ಶಕ್ತಿಯಲ್ಲಿ ಹಿಡಿದದ್ದು ಸುಮಾರು ಶೇ. 0.1 ಮಾತ್ರ. ಅಂದರೆ ಸಾವಿರದಲ್ಲಿ ಒಂದು ಪಾಲು. ಆ ಶಕ್ತಿಯಲ್ಲಿ ಸಸ್ಯಾಹಾರಿಗಳಿಗೆ ದಾಟಿದ್ದು ಶೇ. 13.3. ಅಲ್ಲಿಂದ ಮಾಂಸಾಹಾರಿಗಳಿಗೆ ದಾಟಿದ್ದು ಶೇ. 22.3.

ಎಲ್ಟನ್ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಯಾವ ಜೀವಿಯೂ ತಿಂದದ್ದನ್ನೆಲ್ಲ ಮೈಯಾಗಿ ಕೂಡಿಡುವುದಿಲ್ಲ. ಓಡಾಡಲು, ಉಸಿರಾಡಲು, ಮೈ ಬೆಚ್ಚಗಿಡಲು ಹೆಚ್ಚಿನ ಪಾಲು ಖರ್ಚಾಗಿ ಶಾಖವಾಗಿ ಹೋಗುತ್ತದೆ. ಹೋದ ಶಾಖವನ್ನು ಯಾರೂ ಮತ್ತೆ ತಿನ್ನಲಾರರು. ಹಾಗಾಗಿ ಪ್ರತಿ ಮೆಟ್ಟಿಲಿಗೂ ಶಕ್ತಿ ಕಡಿಮೆ. ನಾಲ್ಕೈದು ಮೆಟ್ಟಿಲಾದ ಮೇಲೆ ಇನ್ನೊಂದು ಪ್ರಾಣಿಯನ್ನು ಸಾಕುವಷ್ಟು ಶಕ್ತಿ ಉಳಿಯುವುದೇ ಇಲ್ಲ.

ಲಿಂಡೆಮನ್ ಬರೆದ ಆಹಾರ ಚಕ್ರದ ಚಿತ್ರದಲ್ಲಿ ಇನ್ನೊಂದು ವಿಶೇಷವಿತ್ತು. ಅದರ ನಡುವೆ ಇದ್ದದ್ದು ದೊಡ್ಡ ಮೀನಲ್ಲ, ಕೆರೆಯ ತಳದ ಕೆಸರು. ಸತ್ತ ಎಲ್ಲವೂ ಅಲ್ಲಿಗೆ ಬರುತ್ತದೆ, ಬ್ಯಾಕ್ಟೀರಿಯಾ ಅದನ್ನು ಕೊಳೆಸಿ ಮತ್ತೆ ಗೊಬ್ಬರದ ಅಂಶಗಳನ್ನು ನೀರಿಗೆ ಕೊಡುತ್ತದೆ. ಜೀವಿಗಳನ್ನು ಮತ್ತು ನಿರ್ಜೀವ ವಸ್ತುಗಳನ್ನು ಒಟ್ಟಿಗೆ ನೋಡುವ ಪರಿಸರ ವ್ಯವಸ್ಥೆ ಎಂಬ ಪದವನ್ನು ಆರ್ಥರ್ ಟ್ಯಾನ್ಸ್‌ಲಿ 1935ರಲ್ಲಷ್ಟೇ ಬಳಕೆಗೆ ತಂದಿದ್ದರು. ಆ ಪದಕ್ಕೆ ಲೆಕ್ಕದ ಬಲ ಕೊಟ್ಟವರಲ್ಲಿ ಲಿಂಡೆಮನ್ ಮೊದಲಿಗರು.

ಬೇಡ ಎಂದರು ಇಬ್ಬರು ಹಿರಿಯರು

1941ರಲ್ಲಿ ಡಾಕ್ಟರೇಟ್ ಮುಗಿಸಿ ಲಿಂಡೆಮನ್ ಯೇಲ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿದ್ದವರು ಜಿ. ಎವೆಲಿನ್ ಹಚಿನ್ಸನ್. ಸರೋವರಗಳ ಅಧ್ಯಯನದಲ್ಲಿ ದೊಡ್ಡ ಹೆಸರು. 1932ರಲ್ಲಿ ಯೇಲ್ ತಂಡದೊಂದಿಗೆ ಭಾರತಕ್ಕೆ ಬಂದು ಲಡಾಖ್‌ನ ಎತ್ತರದ ಸರೋವರಗಳನ್ನು ಅಧ್ಯಯನ ಮಾಡಿದ್ದವರು. ಅವರೊಂದಿಗೆ ಚರ್ಚಿಸಿ, ಲಿಂಡೆಮನ್ ತಮ್ಮ ಪ್ರಬಂಧದ ಕೊನೆಯ ಅಧ್ಯಾಯವನ್ನು ಲೇಖನವಾಗಿ ತಿದ್ದಿ ಬರೆದು ಇಕಾಲಜಿ ಎಂಬ ಪತ್ರಿಕೆಗೆ ಕಳಿಸಿದರು.

ವಿಜ್ಞಾನ ಪತ್ರಿಕೆಗಳಲ್ಲಿ ಲೇಖನ ಅಚ್ಚಾಗುವ ಮೊದಲು ಆ ವಿಷಯದ ತಜ್ಞರು ಅದನ್ನು ಓದಿ ಅಭಿಪ್ರಾಯ ಹೇಳುತ್ತಾರೆ. ಇಲ್ಲಿ ಓದಿದವರು ಇಬ್ಬರು ಘಟಾನುಘಟಿಗಳು, ಚಾನ್ಸಿ ಜೂಡೆ ಮತ್ತು ಪಾಲ್ ವೆಲ್ಚ್. ಇಬ್ಬರೂ ಲೇಖನ ಬೇಡ ಎಂದರು. ಅವರ ಆಕ್ಷೇಪ ಇಷ್ಟೇ: ಇದರಲ್ಲಿ ಸಿದ್ಧಾಂತ ಹೆಚ್ಚು, ಮಾಹಿತಿ ಕಡಿಮೆ. ಬೆರಳೆಣಿಕೆಯ ಕೆರೆಗಳನ್ನು ನೋಡಿ ಲೋಕಕ್ಕೆಲ್ಲ ಅನ್ವಯಿಸುವ ಮಾತು ಹೇಳಬಾರದು.

ಇದನ್ನು ಬರೀ ಹೊಟ್ಟೆಕಿಚ್ಚು ಎನ್ನಲಾಗದು. ಜೂಡೆ ದಶಕಗಳ ಕಾಲ ವಿಸ್ಕಾನ್ಸಿನ್ ರಾಜ್ಯದ ಸರೋವರಗಳನ್ನು ಅಳೆದವರು. ಹೋಲಿಕೆಗಾಗಿ ಲಿಂಡೆಮನ್ ಬಳಸಿದ ಮೆಂಡೋಟ ಸರೋವರದ ಅಂಕಿಅಂಶಗಳೂ ಜೂಡೆ ಪ್ರಕಟಿಸಿದವೇ. ತಾವು ಕೂಡಿಸಿದ ಅಂಕಿಗಳ ಮೇಲೆ 26ರ ಹುಡುಗ ಇಷ್ಟು ದೊಡ್ಡ ಮಾತು ಕಟ್ಟುವುದನ್ನು ಅವರು ಒಪ್ಪಲಿಲ್ಲ. ಎಚ್ಚರಿಕೆಯಲ್ಲಿ ಅರ್ಥವಿತ್ತು. ಆದರೆ ಅಳೆಯುತ್ತಲೇ ಇದ್ದು ಏನನ್ನು ಅಳೆಯಬೇಕು ಎಂದು ಯೋಚಿಸದಿದ್ದರೆ ಅಂಕಿಗಳು ರಾಶಿಯಾಗಿ ಬಿದ್ದಿರುತ್ತವೆ. ಲಿಂಡೆಮನ್ ಆ ಯೋಚನೆಯನ್ನು ಕೊಟ್ಟಿದ್ದರು.

ಹಚಿನ್ಸನ್ ಸುಮ್ಮನಿರಲಿಲ್ಲ. ಪತ್ರಿಕೆಯ ಸಂಪಾದಕ ಥಾಮಸ್ ಪಾರ್ಕ್ ಅವರಿಗೆ ಲೇಖನದ ಪರವಾಗಿ ವಿವರವಾದ ಪತ್ರ ಬರೆದರು. ಪಾರ್ಕ್ ಹಿಟ್ಟಿನ ಹುಳುಗಳ ಮೇಲಿನ ಪ್ರಯೋಗಗಳಿಗೆ ಹೆಸರಾದ ವಿಜ್ಞಾನಿ. ಲಿಂಡೆಮನ್ ಲೇಖನವನ್ನು ಮತ್ತೆ ತಿದ್ದಿದರು. 1942ರ ಮಾರ್ಚ್‌ನಲ್ಲಿ ಪಾರ್ಕ್ ಇಬ್ಬರು ಹಿರಿಯರ ಸಲಹೆಯನ್ನು ಬದಿಗಿಟ್ಟು ಲೇಖನವನ್ನು ಒಪ್ಪಿಕೊಂಡರು.

ಅಚ್ಚಾದದ್ದನ್ನು ಅವರು ನೋಡಲಿಲ್ಲ

ಆ ಹೊತ್ತಿಗೆ ಲಿಂಡೆಮನ್ ಆರೋಗ್ಯ ಕೆಟ್ಟಿತ್ತು. ಯಕೃತ್ತಿನ ಕಾಯಿಲೆ. 1942ರ ಜೂನ್ 29ರಂದು ಅವರು ತೀರಿಕೊಂಡರು. 27 ತುಂಬಲು ಇನ್ನೂ ಒಂದು ತಿಂಗಳಿಗೂ ಕಡಿಮೆ ಸಮಯವಿತ್ತು. ಲೇಖನ ಅಚ್ಚಾದದ್ದು ಅಕ್ಟೋಬರ್‌ನಲ್ಲಿ. ಅದರ ಕೊನೆಗೆ ಹಚಿನ್ಸನ್ ತಮ್ಮ ಯುವ ಸಹೋದ್ಯೋಗಿಯ ಸಾವಿನ ಬಗ್ಗೆ ಒಂದು ಟಿಪ್ಪಣಿ ಸೇರಿಸಿದರು.

ಸುಮಾರು 20 ಪುಟಗಳ ಆ ಲೇಖನ ಇಂದು ಪರಿಸರ ವಿಜ್ಞಾನದ ಮೂಲ ಬರಹಗಳಲ್ಲಿ ಒಂದು. ಅದನ್ನು ತಿರಸ್ಕರಿಸಲು ಹೇಳಿದ ಪತ್ರಗಳ ಕಥೆ ಬಹುಕಾಲ ಹೊರಗೆ ಬಂದಿರಲಿಲ್ಲ. 1977ರಲ್ಲಿ ರಾಬರ್ಟ್ ಕುಕ್ ಸೈನ್ಸ್ ಪತ್ರಿಕೆಯಲ್ಲಿ ಅದನ್ನು ಬರೆದರು. ಸೀಡರ್ ಬಾಗ್ ಕೆರೆಯಿರುವ ಪ್ರದೇಶ ಈಗ ಮಿನೆಸೋಟ ವಿಶ್ವವಿದ್ಯಾಲಯದ ಸಂರಕ್ಷಿತ ಸಂಶೋಧನಾ ಕೇಂದ್ರ.

ಹಾಗಾದರೆ ಶೇಕಡಾ 10ರ ನಿಯಮ ನಿಜವೇ?

ಭಾಗಶಃ ನಿಜ. ಹುಲ್ಲಿನಲ್ಲಿ 10,000 ಪಾಲು ಶಕ್ತಿಯಿದ್ದರೆ ಮಿಡತೆಗೆ 1,000, ಕಪ್ಪೆಗೆ 100, ಹಾವಿಗೆ 10, ಹದ್ದಿಗೆ 1 ಎಂದು ಪಾಠದಲ್ಲಿ ಹೇಳುತ್ತಾರೆ. ಇದು ಅರ್ಥ ಮಾಡಿಸಲು ಬಳಸುವ ಸುಲಭ ಲೆಕ್ಕ. ಪ್ರಕೃತಿ ತಕ್ಕಡಿ ಹಿಡಿದು ಹತ್ತರಲ್ಲೊಂದು ಪಾಲು ಹಂಚುವುದಿಲ್ಲ.

ಲಿಂಡೆಮನ್ ಅವರ ಸ್ವಂತ ಅಂಕಿಗಳೇ ಇದಕ್ಕೆ ಸಾಕ್ಷಿ. ಅವರ ಕೆರೆಯಲ್ಲಿ 13.3 ಮತ್ತು 22.3. ಮೆಂಡೋಟ ಸರೋವರದಲ್ಲಿ 8.7, 5.5 ಮತ್ತು 13. ಇವುಗಳಲ್ಲಿ ಒಂದೂ ಸರಿಯಾಗಿ 10 ಅಲ್ಲ. ಮೇಲೆ ಹೋದಂತೆ ಈ ಪ್ರಮಾಣ ಹೆಚ್ಚುತ್ತದೆ ಎಂದು ಅವರು ಊಹಿಸಿದ್ದರು. ಅದು ಎಲ್ಲ ಕಡೆ ನಿಲ್ಲಲಿಲ್ಲ. 1995ರಲ್ಲಿ ಡೇನಿಯಲ್ ಪೌಲಿ ಮತ್ತು ವಿಲ್ಲಿ ಕ್ರಿಸ್ಟೆನ್ಸನ್ ಸಮುದ್ರ ಹಾಗೂ ಸರೋವರಗಳ 48 ಮಾದರಿಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಸುಮಾರು 10 ಬಂತು. ಆದರೆ ಒಂದೊಂದರ ಅಂಕಿ ಅದಕ್ಕಿಂತ ಸಾಕಷ್ಟು ಮೇಲೆ ಕೆಳಗೆ ಇತ್ತು. ಆದ್ದರಿಂದ ಶೇ. 10 ಒಂದು ಒಳ್ಳೆಯ ಸರಾಸರಿ. ಅದನ್ನು ನಿಯಮ ಎಂದು ಕರೆಯುವಾಗ ಈ ಎಚ್ಚರ ಇರಲಿ.

ಪಿರಮಿಡ್ ತಲೆಕೆಳಗಾಗುವುದುಂಟೇ?

ಉಂಟು. ಒಂದು ದೊಡ್ಡ ಮರ, ಅದರಲ್ಲಿ ಸಾವಿರಾರು ಹುಳುಗಳು. ಸಂಖ್ಯೆ ಎಣಿಸಿದರೆ ಬುಡ ಕಿರಿದು, ಮೇಲೆ ಅಗಲ. ಸಮುದ್ರದ ಕೆಲವು ಕಡೆ ತೂಕದ ಪಿರಮಿಡ್ ಕೂಡ ತಲೆಕೆಳಗಾಗುತ್ತದೆ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲುಗಾಲುವೆಯಲ್ಲಿ ತೇಲುವ ಪಾಚಿಯ ತೂಕಕ್ಕಿಂತ ಅದನ್ನು ತಿನ್ನುವ ಸಣ್ಣ ಜೀವಿಗಳ ತೂಕವೇ ಹೆಚ್ಚು ಎಂಬ ಅಳತೆ ಪಠ್ಯಗಳಲ್ಲಿ ಪ್ರಸಿದ್ಧ. ಪಾಚಿ ದಿನಗಳಲ್ಲೇ ಇಮ್ಮಡಿಯಾಗುತ್ತದೆ, ಹುಟ್ಟಿದ ಕೂಡಲೇ ತಿನ್ನಿಸಿಕೊಳ್ಳುತ್ತದೆ, ಹಾಗಾಗಿ ಒಮ್ಮೆಗೆ ಕಾಣುವ ಪ್ರಮಾಣ ಕಡಿಮೆ.

ಆದರೆ ವರ್ಷದ ಶಕ್ತಿಯ ಲೆಕ್ಕ ಹಾಕಿದರೆ ಬುಡ ಅಗಲವಾಗಿಯೇ ಇರುತ್ತದೆ. ಹೊರಗಿನಿಂದ ಆಹಾರ ಹರಿದುಬರದ ಪರಿಸರ ವ್ಯವಸ್ಥೆಯಲ್ಲಿ ಶಕ್ತಿಯ ಪಿರಮಿಡ್ ತಲೆಕೆಳಗಾಗಲು ಸಾಧ್ಯವೇ ಇಲ್ಲ. ಹೊವರ್ಡ್ ಓಡಮ್ ಫ್ಲಾರಿಡಾದ ಸಿಲ್ವರ್ ಸ್ಪ್ರಿಂಗ್ಸ್‌ನಲ್ಲಿ ಮಾಡಿ 1957ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. ಒಂದು ಚದರ ಮೀಟರ್‌ಗೆ ವರ್ಷಕ್ಕೆ ಸಸ್ಯಗಳಲ್ಲಿ 20,810 ಕಿಲೋಕ್ಯಾಲೊರಿ, ಸಸ್ಯಾಹಾರಿಗಳಲ್ಲಿ 3,368, ಮಾಂಸಾಹಾರಿಗಳಲ್ಲಿ 383, ತುದಿಯ ಬೇಟೆಗಾರರಲ್ಲಿ ಬರೀ 21.

ನಾಗರಹೊಳೆಯ ಹುಲಿಗೆ ಎಷ್ಟು ಜಿಂಕೆ ಬೇಕು?

ಇದು ನಮ್ಮ ಕಾಡಿಗೂ ಸಂಬಂಧಿಸಿದ ವಿಷಯ. 1980ರ ದಶಕದಿಂದ ನಾಗರಹೊಳೆಯಲ್ಲಿ ಹುಲಿಗಳನ್ನು ಅಧ್ಯಯನ ಮಾಡಿದ ಉಲ್ಲಾಸ ಕಾರಂತರ ಲೆಕ್ಕದಂತೆ ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಬಲಿಪ್ರಾಣಿಗಳು ಬೇಕು. ಜಿಂಕೆ, ಕಡವೆ, ಕಾಟಿಗಳಂಥವು. ವರ್ಷಕ್ಕೆ ಹತ್ತರಲ್ಲೊಂದನ್ನು ಹಿಡಿದರೆ ಮಾತ್ರ ಬಲಿಪ್ರಾಣಿಗಳ ಸಂಖ್ಯೆ ಕುಸಿಯದೆ ಉಳಿಯುತ್ತದೆ. ಅಂದರೆ ಒಂದು ಹುಲಿಯ ಬೆನ್ನಿಗೆ ಸುಮಾರು 500 ಪ್ರಾಣಿಗಳು ಇರಬೇಕು. ಈ ಹತ್ತರಲ್ಲೊಂದು ಪ್ರಾಣಿಗಳ ಎಣಿಕೆಯ ಲೆಕ್ಕ, ಶಕ್ತಿಯ ಶೇ. 10 ಬೇರೆ. ಎರಡನ್ನೂ ಬೆರೆಸಬೇಡಿ.

ಆದರೆ ಪಾಠ ಒಂದೇ. ಹುಲಿಯನ್ನು ಗುಂಡಿನಿಂದ ಮಾತ್ರ ಕೊಲ್ಲಬೇಕಾಗಿಲ್ಲ. ಜಿಂಕೆಗಳ ಕಳ್ಳಬೇಟೆಯಾದರೆ, ಹುಲ್ಲು ಬೆಳೆಯುವ ಜಾಗವನ್ನು ಲಂಟಾನ ಆಕ್ರಮಿಸಿದರೆ, ಹುಲಿಯ ಅನ್ನಕ್ಕೇ ಕುತ್ತು ಬರುತ್ತದೆ.

ಮೇಲಿನವರಿಗೆ ಶಕ್ತಿ ಕಡಿಮೆ, ವಿಷ ಹೆಚ್ಚು

ಶಕ್ತಿ ಖರ್ಚಾಗಿ ಹೋಗುತ್ತದೆ, ಆದರೆ ಕೆಲವು ವಿಷಗಳು ಹಾಗೆ ಹೋಗುವುದಿಲ್ಲ. ಕೊಬ್ಬಿನಲ್ಲಿ ಕೂತುಬಿಡುತ್ತವೆ. ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್‌ನಲ್ಲಿ ಒಂದು ಬಗೆಯ ಸಣ್ಣ ನೊಣಗಳ ಕಾಟ ತಡೆಯಲು 1949, 1954 ಮತ್ತು 1957ರಲ್ಲಿ ಡಿಡಿಟಿಯ ಸೋದರ ರಾಸಾಯನಿಕ ಡಿಡಿಡಿಯನ್ನು ನೀರಿಗೆ ಹಾಕಿದರು. ನೀರಿನಲ್ಲಿ ಅದರ ಪ್ರಮಾಣ ಹತ್ತು ಲಕ್ಷ ಪಾಲಿಗೆ ಸುಮಾರು 0.02 ಪಾಲು. ಆದರೆ ಅಲ್ಲಿನ ಮೀನು ತಿನ್ನುವ ಗ್ರೀಬ್ ಹಕ್ಕಿಗಳು ಸಾಯತೊಡಗಿದವು. ಅವುಗಳ ಕೊಬ್ಬಿನಲ್ಲಿ ಹತ್ತು ಲಕ್ಷ ಪಾಲಿಗೆ 1,600 ಪಾಲು ಸಿಕ್ಕಿತು. ದೊಡ್ಡ ಬೇಟೆಗಾರ ಮೀನುಗಳಲ್ಲಿ ಪಾದರಸ ಹೆಚ್ಚಿರುವುದೂ ಹೀಗೆಯೇ. ತುದಿಯಲ್ಲಿ ಕೂರುವುದು ಅಷ್ಟೇನೂ ಸುರಕ್ಷಿತ ಜಾಗವಲ್ಲ.

ಮಾಂಸಾಹಾರ ಎಂದರೆ ಬರೀ ವ್ಯರ್ಥವೇ?

ಪಿರಮಿಡ್ ತೋರಿಸಿ, ಮಾಂಸದಲ್ಲಿ 90 ಪಾಲು ಶಕ್ತಿ ಹಾಳು ಎಂದು ಹೇಳುವವರಿದ್ದಾರೆ. ಮನುಷ್ಯ ತಿನ್ನಬಹುದಾದ ಜೋಳ, ಸೋಯಾವನ್ನು ಪ್ರಾಣಿಗೆ ತಿನ್ನಿಸಿದರೆ ಹೆಚ್ಚಿನ ಶಕ್ತಿ ಕಳೆದುಹೋಗುವುದು ನಿಜ. ಆದರೆ ಕುರುಚಲು ಗುಡ್ಡದಲ್ಲಿ ಮೇಯುವ ಕುರಿ ತಿನ್ನುವುದು ನಾವು ತಿನ್ನಲಾಗದ ಎಲೆ, ಹುಲ್ಲನ್ನು. ಪಿರಮಿಡ್ ಶಕ್ತಿಯ ಲೆಕ್ಕ ಹೇಳುತ್ತದೆ. ಪೌಷ್ಟಿಕಾಂಶ, ಜಮೀನು, ಊಟದ ಪದ್ಧತಿಗಳ ಬಗ್ಗೆ ತೀರ್ಪು ಕೊಡುವುದಿಲ್ಲ.

ಕೊನೆಗೆ ಏನು ತಿಳಿಯಬೇಕು?

ಪರಿಸರ ಪಿರಮಿಡ್ ಯಾರು ದೊಡ್ಡವರು ಎಂದು ಹೇಳುವುದಿಲ್ಲ, ಯಾರು ಯಾರನ್ನು ಅವಲಂಬಿಸಿದ್ದಾರೆ ಎಂದು ಹೇಳುತ್ತದೆ. ತುದಿಯಲ್ಲಿರುವ ಹುಲಿ, ಹದ್ದು ಕೆಳಗಿನ ಎಲ್ಲ ಮೆಟ್ಟಿಲುಗಳ ಮೇಲೆ ನಿಂತಿವೆ. ಹದ್ದು ಇಲ್ಲದಿದ್ದರೂ ಹುಲ್ಲು ಬೆಳೆದೀತು. ಹುಲ್ಲಿಲ್ಲದೆ ಹದ್ದು ಬದುಕದು. ಹಾಗೆಂದು ತುದಿಯವರು ಬೇಡವೆಂದಲ್ಲ, ಅವರು ಹೋದರೆ ಕೆಳಗಿನವರ ಸಂಖ್ಯೆ ಏರುಪೇರಾಗುತ್ತದೆ.

ಮುಂದಿನ ಬಾರಿ ಆ ತ್ರಿಕೋನ ಮತ್ತು ವೃತ್ತದ ಚಿತ್ರ ನಿಮ್ಮ ಮೊಬೈಲಿಗೆ ಬಂದರೆ ಹಂಚಿಕೊಳ್ಳಿ, ತೊಂದರೆಯಿಲ್ಲ. ಜೊತೆಗೆ ಒಂದು ಸಾಲು ಸೇರಿಸಿ: ಜೀವಶಾಸ್ತ್ರದ ತ್ರಿಕೋನ ಅಹಂಕಾರದ ಚಿತ್ರವಲ್ಲ, ಅದು ಅನ್ನದ ಲೆಕ್ಕ. ಸೊಂಟದವರೆಗೆ ಬರುವಷ್ಟು ಆಳದ ಒಂದು ಕೆರೆಯಲ್ಲಿ, 27 ತುಂಬದ ಒಬ್ಬ ಯುವಕ ಆ ಲೆಕ್ಕವನ್ನು ಮೊದಲ ಬಾರಿಗೆ ಕ್ಯಾಲೊರಿಗಳಲ್ಲಿ ಬರೆದಿಟ್ಟುಹೋದ.